ಫೈಲು ಬಂತು, ಪಹಣಿ ಬರಲಿಲ್ಲ

ಮದುವೆ ಸೀಸನ್ನಿನಲ್ಲಿ ಯಾವ ಊರಿನ ಕಲರ್ ಲ್ಯಾಬಿಗೆ ಹೋಗಿ ನಿಂತರೂ ಒಮ್ಮೆಯಾದರೂ ಈ ದೃಶ್ಯ ಕಣ್ಣಿಗೆ ಬೀಳುತ್ತದೆ. ಫೋಟೊಗ್ರಾಫರ್ ಹುಡುಗ ರಾತ್ರಿಯೆಲ್ಲ ಮ್ಯಾಕ್‌ಬುಕ್ಕಿನ ಮುಂದೆ ಕೂತು ಬಣ್ಣ ತಿದ್ದಿದ ಆರುನೂರು ಫೋಟೊಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದಿರುತ್ತಾನೆ. ಲ್ಯಾಬಿನಲ್ಲಿರುವುದು ವಿಂಡೋಸ್ ಕಂಪ್ಯೂಟರು. ಆಪರೇಟರ್ ಫೋಲ್ಡರ್ ತೆರೆದವನೇ ಹುಬ್ಬು ಗಂಟಿಕ್ಕುತ್ತಾನೆ.

‘ಏನ್ ಗುರೂ, ಸಾವಿರದ ಇನ್ನೂರು ತೋರಿಸ್ತಾ ಐತಲ್ಲ?’

‘ಇಲ್ಲ ಅಣ್ಣ, ಆರುನೂರೇ ಹಾಕಿದ್ದು.’

ನೋಡಿದರೆ ಪ್ರತಿ ಫೋಟೊಗೂ ಒಂದು ಜೋಡಿ. ಹೆಸರು ಅದೇ, ಆದರೆ ಮುಂದೊಂದು ಚುಕ್ಕಿ, ಚುಕ್ಕಿಯ ಪಕ್ಕ ಅಡಿಗೆರೆ. ಗಾತ್ರ ಬರೀ 4 ಕೆಬಿ. ಕ್ಲಿಕ್ ಮಾಡಿದರೆ ‘ಈ ಫೈಲ್ ತೆರೆಯಲಾಗದು’ ಎಂಬ ಸಂದೇಶ. ‘ವೈರಸ್ ಹೊಡೆದೈತೆ ಕಣೋ, ಫಾರ್ಮ್ಯಾಟ್ ಮಾಡ್ಕೊಂಡು ಬಾ’ ಎಂದು ಆಪರೇಟರ್ ತೀರ್ಪು ಕೊಡುತ್ತಾನೆ.

ವೈರಸ್ಸೂ ಇಲ್ಲ, ಫೋಟೊ ಕೆಟ್ಟೂ ಇಲ್ಲ. ಮ್ಯಾಕ್ ತನ್ನ ಪದ್ಧತಿಯಂತೆ ಪ್ರತಿ ಫೋಟೊದ ಜೊತೆ ಒಂದಿಷ್ಟು ವಿವರ ಕಳಿಸಿದೆ. ಆ ವಿವರ ಬರೆದಿಡಲು ಪೆನ್‌ಡ್ರೈವಿನ ಲೆಕ್ಕಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ. ಹಾಗಾಗಿ ಅದನ್ನು ಬೇರೆ ಫೈಲು ಮಾಡಿ ಪಕ್ಕದಲ್ಲಿಟ್ಟಿದೆ, ಅಷ್ಟೇ.

ಹೊಲ ಬೇರೆ, ಪಹಣಿ ಬೇರೆ

ಕಂಪ್ಯೂಟರಿನಲ್ಲಿ ಒಂದು ಫೈಲಿನ ಮೇಲೆ ಬಲಗಡೆ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆದರೆ ಹೆಸರು, ಗಾತ್ರ, ಸೃಷ್ಟಿಯಾದ ದಿನ, ಬದಲಾದ ದಿನ, ಯಾರಿಗೆ ಸೇರಿದ್ದು, ಯಾರು ತೆರೆಯಬಹುದು ಎಂಬುದೆಲ್ಲ ಕಾಣುತ್ತದೆ. ಇದೆಲ್ಲ ಫೈಲಿನ ಒಳಗೇ ಇದೆ ಎಂದು ನಾವು ಅಂದುಕೊಂಡಿರುತ್ತೇವೆ. ಇಲ್ಲ. ಹೊಲ ಊರಲ್ಲಿದ್ದರೂ ಅದರ ಒಡೆಯ ಯಾರು, ವಿಸ್ತೀರ್ಣವೆಷ್ಟು, ಖಾತೆ ಯಾವಾಗ ಬದಲಾಯಿತು ಎಂಬುದು ತಾಲ್ಲೂಕು ಕಚೇರಿಯ ಪಹಣಿಯಲ್ಲಿರುತ್ತದಲ್ಲ, ಇದೂ ಹಾಗೆಯೇ. ಫೈಲಿನ ಒಡಲು ಡಿಸ್ಕಿನ ಒಂದು ಮೂಲೆಯಲ್ಲಿ, ಅದರ ವಿವರ ಅದೇ ಡಿಸ್ಕಿನ ಇನ್ನೊಂದು ಪಟ್ಟಿಯಲ್ಲಿ. ಈ ವಿವರಕ್ಕೆ ಮೆಟಾಡೇಟಾ ಎಂದೂ, ಪಟ್ಟಿ ಇಡುವ ಇಡೀ ವ್ಯವಸ್ಥೆಗೆ ಫೈಲ್ ಸಿಸ್ಟಮ್ ಎಂದೂ ಹೆಸರು.

ಫೈಲಿನ ಒಳಗೂ ಒಂದಿಷ್ಟು ವಿವರ ಇರಬಹುದು, ಅದು ಬೇರೆ ಮಾತು. ಡಿಜಿಟಲ್ ಕ್ಯಾಮೆರಾ ತೆಗೆದ ಫೋಟೊದೊಳಗೆ ದಿನಾಂಕ, ಲೆನ್ಸು, ಕೆಲವೊಮ್ಮೆ ಸ್ಥಳ ಕೂಡ ‘ಎಕ್ಸಿಫ್’ ಎಂಬ ರೂಪದಲ್ಲಿ ಅಡಕವಾಗಿರುತ್ತದೆ. ಫೋಟೊವನ್ನು ಇದ್ದ ಹಾಗೇ ಕಾಪಿ ಮಾಡಿದರೆ ಅದು ಜೊತೆಗೇ ಹೋಗುತ್ತದೆ. ಹೊರಗಿನ ಪಟ್ಟಿಗೆ ಆ ಭಾಗ್ಯವಿಲ್ಲ. ನೀವು ಕಾಪಿ ಮಾಡಿದಾಗ ಆಚೆ ಡಿಸ್ಕಿನಲ್ಲಿ ಹೊಸ ಪಟ್ಟಿಯಲ್ಲಿ ಹೊಸ ಸಾಲು ಬರೆಯಬೇಕು. ಹಳೆಯ ಸಾಲಿನ ಯಾವ ಅಂಶ ಉಳಿಯುತ್ತದೆ, ಯಾವುದು ಬಿದ್ದುಹೋಗುತ್ತದೆ ಎಂಬುದು ಆ ಪಟ್ಟಿಯ ಕಾಲಮ್ಮುಗಳನ್ನೂ ಕಾಪಿ ಮಾಡುವ ಪ್ರೋಗ್ರಾಮನ್ನೂ ಅವಲಂಬಿಸಿದೆ.

ಮೂರು ಮನೆತನ

ಕಾಲಮ್ಮುಗಳು ಎಲ್ಲ ಕಡೆ ಒಂದೇ ಥರ ಇಲ್ಲದಿರುವುದಕ್ಕೆ ಕಾರಣ ಅವು ಹುಟ್ಟಿದ ಜಾಗ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಕಟ್ಟಿದಾಗ ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದರು. ಹಾಗಾಗಿ ಫೈಲು ಯಾರದು, ಓದಲು-ಬರೆಯಲು-ಚಲಾಯಿಸಲು ಯಾರಿಗೆ ಹಕ್ಕು ಎಂಬುದು ಮೊದಲಿನಿಂದಲೂ ಪಟ್ಟಿಯಲ್ಲಿತ್ತು. ‘ಐನೋಡ್’ ಎನ್ನುವ ಆ ದಾಖಲೆಯಲ್ಲಿ ಫೈಲಿನ ಹೆಸರೇ ಇಲ್ಲದಿರುವುದು ಒಂದು ವಿಚಿತ್ರ. ಹೆಸರು ಇರುವುದು ಫೋಲ್ಡರಿನಲ್ಲಿ. ಹಾಗಾಗಿ ಒಂದೇ ಫೈಲಿಗೆ ಎರಡು ಊರಲ್ಲಿ ಎರಡು ಹೆಸರಿರಬಹುದು. ಇಂದಿನ ಲಿನಕ್ಸ್ ಈ ಮನೆಯ ಕುಡಿ.

1981ರ ಐಬಿಎಂ ಪಿಸಿಯ ಡಾಸ್‌ಗೆ ಇಂಥ ತಲೆಬಿಸಿ ಇರಲಿಲ್ಲ. ಒಬ್ಬ ಮನುಷ್ಯ, ಒಂದು ಮೇಜು, ಒಂದು ಫ್ಲಾಪಿ. ‘ಫ್ಯಾಟ್’ ಪದ್ಧತಿಯಲ್ಲಿ ಪ್ರತಿ ಫೈಲಿಗೂ 32 ಬೈಟಿನ ಒಂದೇ ಒಂದು ಸಾಲು. ಒಡೆಯ ಯಾರೆಂಬ ಕಾಲಮ್ಮೇ ಇಲ್ಲ. ಹೆಸರಿಗೆ ಎಂಟಕ್ಷರ, ಚುಕ್ಕಿಯ ನಂತರ ಮೂರಕ್ಷರ. ಇಂದಿಗೂ ಕ್ಯಾಮೆರಾಗಳು ಫೋಟೊಗೆ ‘ಐಎಂಜಿ’ ಅಥವಾ ‘ಡಿಎಸ್‌ಸಿ’ ಎಂದು ಶುರು ಮಾಡಿ ಎಣಿಸಿ ಎಂಟೇ ಅಕ್ಷರದ ಹೆಸರಿಡುವುದು ಆ ಕಾಲದ ಋಣ.

1984ರ ಮ್ಯಾಕಿಂಟಾಷ್ ಮೂರನೆಯ ದಾರಿ ಹಿಡಿಯಿತು. ಅಲ್ಲಿ ಪ್ರತಿ ಫೈಲಿಗೂ ಎರಡು ಕವಲು. ಒಂದರಲ್ಲಿ ಮಾಹಿತಿ, ಇನ್ನೊಂದರಲ್ಲಿ ಚಿಹ್ನೆ, ಅಕ್ಷರರೂಪ ಇತ್ಯಾದಿ ಸಾಮಗ್ರಿ. ಫೈಲು ಯಾವ ಜಾತಿಯದು, ಯಾವ ಪ್ರೋಗ್ರಾಮ್ ಅದನ್ನು ಮಾಡಿದ್ದು ಎಂಬುದಕ್ಕೆ ನಾಲ್ಕಕ್ಷರದ ಗುಪ್ತ ಸಂಕೇತಗಳು. ಈಗ ಕವಲಿನ ಬದಲು ‘ಹೆಚ್ಚುವರಿ ಗುಣಗಳು’ ಬಂದಿವೆ: ಬಳಕೆದಾರ ಹಚ್ಚಿದ ಬಣ್ಣದ ಗುರುತು, ಫೈಲು ಯಾವ ವಿಳಾಸದಿಂದ ಡೌನ್‌ಲೋಡ್ ಆಯಿತು ಎಂಬ ಟಿಪ್ಪಣಿ ಹೀಗೆ.

ಈ ಗುಣಗಳನ್ನು ಫ್ಯಾಟ್ ಪೆನ್‌ಡ್ರೈವಿಗೆ ಕಳಿಸುವಾಗ ಜಾಗವಿಲ್ಲದೆ ಹುಟ್ಟುವುದೇ ಆ ಚುಕ್ಕಿ-ಅಡಿಗೆರೆಯ ಮರಿ. ಚುಕ್ಕಿಯಿಂದ ಶುರುವಾಗುವ ಹೆಸರನ್ನು ಮ್ಯಾಕ್ ಮತ್ತು ಲಿನಕ್ಸ್ ಮರೆಯಲ್ಲಿಡುತ್ತವೆ. ವಿಂಡೋಸ್‌ಗೆ ಚುಕ್ಕಿ ಬರೀ ಚುಕ್ಕಿ, ಮರೆಮಾಡಲು ಅದಕ್ಕೆ ಬೇರೆಯದೇ ಗುರುತು ಬೇಕು. ಅದಿದ್ದರೂ, ಪೆನ್‌ಡ್ರೈವ್ ವೈರಸ್ಸುಗಳಿಂದ ಬೆಂದವರು ಮರೆಯಲ್ಲಿರುವುದನ್ನೆಲ್ಲ ತೋರಿಸುವಂತೆ ತಮ್ಮ ಕಂಪ್ಯೂಟರನ್ನು ಇಟ್ಟುಕೊಂಡಿರುತ್ತಾರೆ. ಕಾರಿನ ಸ್ಟೀರಿಯೊಗಳದ್ದು ಇನ್ನೂ ಮಜಾ. ಅವು ಆ 4 ಕೆಬಿ ಮರಿಯನ್ನೂ ಹಾಡೆಂದೇ ತಿಳಿದು ನುಡಿಸಲು ಹೋಗಿ ತಡವರಿಸುತ್ತವೆ. ಫೋಟೊ, ಹಾಡಿನ ಮಟ್ಟಿಗೆ ಈ ಮರಿಗಳನ್ನು ಅಳಿಸಿದರೆ ನಷ್ಟವಿಲ್ಲ. ಮ್ಯಾಕ್‌ನ ಟರ್ಮಿನಲ್‌ನಲ್ಲಿ ‘ಡಾಟ್ ಕ್ಲೀನ್’ ಎಂಬ ಆಜ್ಞೆಯೇ ಇದೆ.

ಅಂದಹಾಗೆ, ಚುಕ್ಕಿಯಿಂದ ಮರೆಮಾಡುವ ಪದ್ಧತಿ ಯಾರೂ ಯೋಚಿಸಿ ಮಾಡಿದ್ದಲ್ಲ. ಹಳೆಯ ಯೂನಿಕ್ಸ್‌ನಲ್ಲಿ ಪ್ರತಿ ಫೋಲ್ಡರಿನಲ್ಲೂ ಒಂದು ಚುಕ್ಕಿ, ಎರಡು ಚುಕ್ಕಿ ಎಂಬ ಎರಡು ನಮೂದು ಇರುತ್ತಿದ್ದವು. ಪಟ್ಟಿ ತೋರಿಸುವಾಗ ಅವನ್ನು ಬಿಡಲೆಂದು ‘ಮೊದಲ ಅಕ್ಷರ ಚುಕ್ಕಿಯಾದರೆ ಬಿಡು’ ಎಂದು ಅವಸರದಲ್ಲಿ ಬರೆದರು. ಬೇರೆಯವರು ಅದರ ಲಾಭ ಪಡೆದರು ಎಂದು ಬೆಲ್ ಲ್ಯಾಬ್ಸ್‌ನಲ್ಲಿದ್ದ ರಾಬ್ ಪೈಕ್ ಹೇಳಿದ್ದಾರೆ. ಸೋಮಾರಿತನದ ಒಂದು ಸಾಲು ಐದು ದಶಕ ಬಾಳಿದೆ.

ಸೆಕೆಂಡು ಯಾಕೆ ಎರಡೆರಡಾಗಿ ಹೋಗುತ್ತದೆ?

ಜಗಳ ಹೆಚ್ಚು ಇರುವುದು ದಿನಾಂಕದಲ್ಲಿ. ಫ್ಯಾಟ್ ಪಟ್ಟಿಯಲ್ಲಿ ಸಮಯಕ್ಕೆ ಕೊಟ್ಟ ಜಾಗ 16 ಬಿಟ್. ಗಂಟೆಗೆ 5 ಬಿಟ್, ನಿಮಿಷಕ್ಕೆ 6 ಬಿಟ್ ಹೋದರೆ ಉಳಿಯುವುದು 5. ಐದು ಬಿಟ್‌ನಲ್ಲಿ 32 ಅಂಕಿಗಳನ್ನಷ್ಟೇ ಬರೆಯಬಹುದು. ನಿಮಿಷಕ್ಕಿರುವುದು 60 ಸೆಕೆಂಡು. ಅದಕ್ಕೆ ಫ್ಯಾಟ್ ರೂಪಿಸಿದವರು ಸೆಕೆಂಡನ್ನು ಎರಡರಿಂದ ಭಾಗಿಸಿ ಬರೆದರು. ಹಾಗಾಗಿ ಪೆನ್‌ಡ್ರೈವಿನಲ್ಲಿ ‘ಬದಲಾದ ಸಮಯ’ ಯಾವತ್ತೂ ಸರಿಸಂಖ್ಯೆಯೇ: 10 ಗಂಟೆ 15 ನಿಮಿಷ 7 ಸೆಕೆಂಡು ಎಂಬ ಹೊತ್ತು ಅಲ್ಲಿ ಇಲ್ಲವೇ ಇಲ್ಲ. ವರ್ಷಕ್ಕೆ 7 ಬಿಟ್, ಎಣಿಕೆ 1980ರಿಂದ. ಹಾಗಾಗಿ 2107 ದಾಟುವ ಹಾಗಿಲ್ಲ.

ಒಂದು ಸೆಕೆಂಡಿನಿಂದ ಏನು ಮಹಾ ಎನ್ನಬಹುದು. ಬ್ಯಾಕಪ್ ತೆಗೆಯುವ ಪ್ರೋಗ್ರಾಮುಗಳು ಎರಡೂ ಕಡೆಯ ಸಮಯ ಹೋಲಿಸಿಯೇ ಫೈಲು ಬದಲಾಗಿದೆಯೇ ಎಂದು ತೀರ್ಮಾನಿಸುವುದು. ಒಂದು ಸೆಕೆಂಡು ಹೆಚ್ಚುಕಡಿಮೆ ಕಂಡರೆ ಬದಲಾಗದ ಸಾವಿರಾರು ಫೈಲುಗಳನ್ನು ಮತ್ತೆ ಮೊದಲಿನಿಂದ ಕಾಪಿ ಮಾಡುತ್ತಾ ಕೂರುತ್ತವೆ. ಅದಕ್ಕೇ ‘ಎರಡು ಸೆಕೆಂಡಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಡ’ ಎನ್ನುವ ಆಯ್ಕೆ ಅಂಥ ಪ್ರೋಗ್ರಾಮುಗಳಲ್ಲಿದೆ.

ಇದಕ್ಕಿಂತ ದೊಡ್ಡ ತಕರಾರು, ಯಾವ ಊರಿನ ಗಂಟೆ ಎಂಬುದು. ಫ್ಯಾಟ್ ಬರೆದುಕೊಳ್ಳುವುದು ಸ್ಥಳೀಯ ಗಡಿಯಾರ ತೋರಿಸಿದ್ದನ್ನು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಪದ್ಧತಿ 1601ರ ಜನವರಿ 1ರಿಂದ, ಸೆಕೆಂಡಿನ ಕೋಟಿಯ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತದೆ. ಯೂನಿಕ್ಸ್ ಬಳಗದ ಎಣಿಕೆ 1970ರ ಜನವರಿ 1ರಿಂದ. ಇವೆರಡೂ ಎಣಿಸುವುದು ವಿಶ್ವಮಾನ ಕಾಲದಲ್ಲಿ, ನಮಗೆ ತೋರಿಸುವಾಗ ಮಾತ್ರ ಐದೂವರೆ ಗಂಟೆ ಕೂಡಿಸಿ ತೋರಿಸುತ್ತವೆ. ದಿನಾಂಕ ಕಳೆದುಕೊಂಡ ಫೈಲು ನಮ್ಮಲ್ಲಿ ಹಲವೊಮ್ಮೆ ‘1970 ಜನವರಿ 1, ಬೆಳಿಗ್ಗೆ 5.30’ ಎಂದು ತೋರಿಸುವ ಗುಟ್ಟು ಇದೇ. ಪಟ್ಟಿಯಲ್ಲಿ ಸೊನ್ನೆ ಇದೆ, ಅದಕ್ಕೆ ಭಾರತದ ಐದೂವರೆ ಗಂಟೆ ಸೇರಿದೆ.

ಬೆಂಗಳೂರಿನಲ್ಲಿ ಜೂನ್ ತಿಂಗಳ ಒಂದು ಬೆಳಿಗ್ಗೆ 10ಕ್ಕೆ ಉಳಿಸಿದ ಫೈಲನ್ನು ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಒಯ್ದಿರಿ ಎನ್ನೋಣ. ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿದ್ದರೆ ಅಲ್ಲಿ ಹಿಂದಿನ ರಾತ್ರಿ 9.30 ಎಂದು ತೋರಿಸುತ್ತದೆ, ಅದು ಸರಿಯೇ. ಫ್ಯಾಟ್ ಪೆನ್‌ಡ್ರೈವಿನಲ್ಲಿದ್ದರೆ ಅಲ್ಲೂ ಬೆಳಿಗ್ಗೆ 10. ಎರಡನ್ನೂ ಒಂದೇ ಫೋಲ್ಡರಿಗೆ ಸುರಿದರೆ ಯಾವುದು ಮೊದಲು ಎಂಬುದೇ ತಲೆಕೆಳಗು. ಹಳೆಯ ಕ್ರಮದ ಜಿಪ್ ಕಡತಗಳೂ ಡಾಸ್ ಕಾಲದ ಈ ಸಮಯವನ್ನೇ ಬಳಸುತ್ತವೆ. 2006ರಲ್ಲಿ ಬಂದ ಎಕ್ಸ್‌ಫ್ಯಾಟ್‌ನಲ್ಲಿ ಕಾಲವಲಯ ಬರೆಯಲು ಜಾಗ ಕೊಟ್ಟರು. ಅದು ಹದಿನೈದು ನಿಮಿಷದ ಲೆಕ್ಕದಲ್ಲಿರುವುದರಿಂದ ನಮ್ಮ ಐದೂವರೆ, ನೇಪಾಳದ ಐದೂಮುಕ್ಕಾಲು ಎರಡೂ ಹಿಡಿಸುತ್ತವೆ.

ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿಕೊಂಡ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಐದೂವರೆ ಗಂಟೆಯ ಪರಿಚಯ ಚೆನ್ನಾಗಿದೆ. ಯಂತ್ರದೊಳಗಿನ ಗಡಿಯಾರ ಸ್ಥಳೀಯ ಸಮಯದ್ದು ಎಂದು ಒಂದು, ವಿಶ್ವಮಾನದ್ದು ಎಂದು ಇನ್ನೊಂದು ನಂಬಿರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗಿ ಬಂದಾಗೆಲ್ಲ ಗಂಟೆ ಜಿಗಿದಿರುತ್ತದೆ. ಅಷ್ಟರಲ್ಲಿ ಉಳಿಸಿದ ಫೈಲುಗಳ ಮೇಲೂ ಅದೇ ತಪ್ಪು ಮುದ್ರೆ.

ಹುಟ್ಟುವ ಮೊದಲೇ ಬದಲಾದ ಫೈಲು

ವಿಂಡೋಸ್‌ನಲ್ಲಿ ಹಳೆಯ ಫೋಟೊವೊಂದನ್ನು ಹೊಸ ಡಿಸ್ಕಿಗೆ ಕಾಪಿ ಮಾಡಿ ಪ್ರಾಪರ್ಟೀಸ್ ನೋಡಿ. ‘ಬದಲಾದದ್ದು’ 2014, ‘ಸೃಷ್ಟಿಯಾದದ್ದು’ ಇವತ್ತು! ಇದು ದೋಷವಲ್ಲ. ಈ ಡಿಸ್ಕಿನಲ್ಲಿ ಈ ಪ್ರತಿ ಹುಟ್ಟಿದ್ದು ಇವತ್ತು, ಅದರೊಳಗಿನ ಸರಕು ಕೊನೆಯ ಬಾರಿ ಬದಲಾದದ್ದು 2014ರಲ್ಲಿ. ಲಿನಕ್ಸ್‌ನ ಸಾದಾ ಕಾಪಿ ಆಜ್ಞೆ ಇನ್ನೂ ನಿರ್ದಯಿ. ಹೇಳದಿದ್ದರೆ ಬದಲಾದ ದಿನವನ್ನೂ ಇವತ್ತಿನದೇ ಮಾಡಿಬಿಡುತ್ತದೆ.

ಲಿನಕ್ಸ್‌ನಲ್ಲಿ ಬಹುಕಾಲ ಸೃಷ್ಟಿಯ ದಿನವನ್ನು ಕೇಳಿ ತಿಳಿಯುವ ದಾರಿಯೇ ಇರಲಿಲ್ಲ, ಅದು ಬಂದದ್ದು 2017ರಲ್ಲಿ. ಈಗಲೂ ಓದಬಹುದು, ತಿದ್ದುವಂತಿಲ್ಲ. ಹಾಗಾಗಿ ವಿಂಡೋಸ್‌ನಿಂದ ಬಂದ ಫೈಲಿನ ಮೂಲ ಸೃಷ್ಟಿಯ ದಿನವನ್ನು ಲಿನಕ್ಸ್ ಡಿಸ್ಕಿನಲ್ಲಿ ಅದರ ಜಾಗದಲ್ಲೇ ಬರೆದಿಡಲಾಗದು. ಕಚೇರಿಗಳಲ್ಲಿ ವಿಂಡೋಸ್ ಕಂಪ್ಯೂಟರುಗಳಿಗೆ ಲಿನಕ್ಸ್ ಸರ್ವರಿನಿಂದ ಫೈಲು ಒದಗಿಸುವ ‘ಸಾಂಬಾ’ ಈ ದಿನಾಂಕವನ್ನು ಪಕ್ಕದ ಟಿಪ್ಪಣಿಯಂತೆ ಹೆಚ್ಚುವರಿ ಗುಣದಲ್ಲಿ ಅಡಗಿಸಿಡುತ್ತದೆ.

‘ಶ್ರೀ’ ಎಷ್ಟು ಜಾಗ ತಿನ್ನುತ್ತದೆ?

ಹೆಸರೂ ಮೆಟಾಡೇಟಾವೇ. ಫೈಲುಗಳಿಗೆ ಕನ್ನಡದಲ್ಲಿ ಹೆಸರಿಡುವವರು ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್‌ಗಳಲ್ಲಿ ಹೆಸರಿನ ಮಿತಿ 255 ಯೂನಿಕೋಡ್ ಅಂಶ. ಲಿನಕ್ಸ್‌ನ ಇಎಕ್ಸ್‌ಟಿ4 ಪದ್ಧತಿಯಲ್ಲಿ ಮಿತಿ 255 ಬೈಟ್. ಇಂಗ್ಲಿಷಿನವರಿಗೆ ಎರಡೂ ಒಂದೇ, ಅವರ ಅಕ್ಷರಕ್ಕೆ ಒಂದೇ ಬೈಟ್ ಸಾಕು. ಕನ್ನಡದ ಪ್ರತಿ ಅಂಶಕ್ಕೂ ಅಲ್ಲಿ ಮೂರು ಬೈಟ್ ಬೇಕು. ಅಂದರೆ ನಮಗೆ ಸಿಗುವುದು 85 ಅಂಶ. ಅದೂ ಕಣ್ಣಿಗೆ ಕಾಣುವ ಅಕ್ಷರವಲ್ಲ: ‘ಶ್ರೀ’ ಎಂಬ ಒಂದಕ್ಷರದಲ್ಲಿ ಶ, ವಿರಾಮ ಚಿಹ್ನೆ, ರ, ಈಕಾರ ಎಂದು ನಾಲ್ಕು ಅಂಶ, ಹನ್ನೆರಡು ಬೈಟ್. ಒತ್ತಕ್ಷರ ಕೂಡದಂತೆ ನಡುವೆ ಹಾಕುವ ಕಣ್ಣಿಗೆ ಕಾಣದ ಗುರುತಿಗೂ ಮೂರು ಬೈಟ್. ಲೇಖನದ ಉದ್ದ ತಲೆಬರಹವನ್ನೇ ಹೆಸರಾಗಿಟ್ಟ ಫೈಲು ವಿಂಡೋಸ್‌ನಲ್ಲಿ ಆರಾಮಾಗಿದ್ದು, ಲಿನಕ್ಸ್ ಸರ್ವರಿಗೆ ಹೋಗುವಾಗ ‘ಹೆಸರು ಉದ್ದವಾಯಿತು’ ಎಂದು ಬಾಗಿಲಲ್ಲೇ ನಿಲ್ಲುವುದು ಇದರಿಂದ. ಇದು ತಾರತಮ್ಯವೇ ಎಂದು ಕೇಳಿದರೆ, ಉದ್ದೇಶದಲ್ಲಿ ಅಲ್ಲ, ಪರಿಣಾಮದಲ್ಲಿ ಹೌದು ಎನ್ನುತ್ತೇನೆ.

ಇನ್ನೊಂದು ತೊಡಕು ಕಣ್ಣಿಗೇ ಕಾಣದು. ‘ಕೋಲಾರ’ ಎಂದು ಟೈಪ್ ಮಾಡಿದಾಗ ಅದು ಸಾಮಾನ್ಯವಾಗಿ ಐದು ಅಂಶ: ಕ, ಓಕಾರ, ಲ, ಆಕಾರ, ರ. ಆದರೆ ಯೂನಿಕೋಡ್ ನಿಯಮದಂತೆ ಓಕಾರವನ್ನು ಎಕಾರ, ಊಕಾರ, ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಆಗ ಏಳು ಅಂಶ. ಪರದೆಯ ಮೇಲೆ ಎರಡೂ ಕೋಲಾರವೇ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಪದ್ಧತಿ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಲಿನಕ್ಸ್‌ಗೆ ಬಂದ ‘ಕೋಲಾರ’ ಫೋಲ್ಡರಿನ ಪಕ್ಕದಲ್ಲೇ ನೀವು ಇನ್ನೊಂದು ‘ಕೋಲಾರ’ ಮಾಡಬಹುದು, ಲಿನಕ್ಸ್ ಗೊಣಗುವುದಿಲ್ಲ. ಅದು ನೋಡುವುದು ಬೈಟುಗಳನ್ನು, ಊರನ್ನಲ್ಲ. ಹುಡುಕಿದಾಗ ಒಂದು ಸಿಕ್ಕಿ ಇನ್ನೊಂದು ಸಿಗುವುದಿಲ್ಲ. ಈ, ಏ, ಐ, ಒ, ಓ ಸ್ವರ ಹತ್ತಿದ ಹೆಸರುಗಳಿಗೆಲ್ಲ ಈ ಅಪಾಯವಿತ್ತು. 2017ರಲ್ಲಿ ಬಂದ ಮ್ಯಾಕ್‌ನ ಹೊಸ ಪದ್ಧತಿ ಎಪಿಎಫ್‌ಎಸ್ ಹೆಸರನ್ನು ಬಂದ ಹಾಗೇ ಇಟ್ಟುಕೊಂಡು, ಹೋಲಿಸುವಾಗ ಮಾತ್ರ ಎರಡು ರೂಪವನ್ನೂ ಒಂದೆಂದು ಎಣಿಸುತ್ತದೆ. ಹಳೆಯ ಡಿಸ್ಕುಗಳಲ್ಲಿ ಬಿಡಿಸಿಟ್ಟ ಹೆಸರುಗಳು ಇನ್ನೂ ಓಡಾಡುತ್ತಿವೆ.

ಒಂದು ರಗಳೆಯಿಂದ ಮಾತ್ರ ನಾವು ಪಾರು. ದೊಡ್ಡಕ್ಷರ, ಚಿಕ್ಕಕ್ಷರ ಬೇರೆಯೆಂದು ಲಿನಕ್ಸ್, ಒಂದೇ ಎಂದು ವಿಂಡೋಸ್ ಹೂಡುವ ವಾದ ಕನ್ನಡದ ಹೆಸರಿಗೆ ತಟ್ಟುವುದೇ ಇಲ್ಲ.

ಕಳಚಿಬೀಳುವ ಎಚ್ಚರಿಕೆ

ಇಂಟರ್‌ನೆಟ್‌ನಿಂದ ಇಳಿಸಿದ ವರ್ಡ್ ಕಡತವನ್ನು ತೆರೆದರೆ ಮೇಲೊಂದು ಹಳದಿ ಪಟ್ಟಿ ಬಂದು ಎಚ್ಚರಿಸುತ್ತದಲ್ಲ, ಅದು ಎನ್‌ಟಿಎಫ್‌ಎಸ್‌ನ ಒಂದು ಗುಪ್ತ ಕವಲಿನ ಕೃಪೆ. ಮ್ಯಾಕ್‌ಗಳಿಗೆ ಸೇವೆ ಒದಗಿಸಲೆಂದು 1993ರಲ್ಲಿ ಇಟ್ಟ ಸೌಲಭ್ಯ ಅದು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಅದರಲ್ಲಿ ‘ಇದು ಹೊರಗಿನಿಂದ ಬಂದದ್ದು’ ಎಂದು ಬರೆಯತೊಡಗಿತು. ಅದೇ ಕಡತವನ್ನು ಫ್ಯಾಟ್ ಪೆನ್‌ಡ್ರೈವಿನಲ್ಲಿ ಹಾಕಿ ಬೇರೆ ಕಂಪ್ಯೂಟರಿಗೆ ಕೊಟ್ಟರೆ ಗುರುತು ಕಳಚಿರುತ್ತದೆ. ಅಪಾಯಕಾರಿ ಕಡತವೂ ಮನೆಯವನಂತೆ ಒಳಗೆ ಬರುತ್ತದೆ.

ಲಿನಕ್ಸ್‌ನ ಒಡೆತನದ್ದು ಬೇರೆ ಕಥೆ. ಅಲ್ಲಿ ಒಡೆಯನೆಂದರೆ ಹೆಸರಲ್ಲ, ಒಂದು ಸಂಖ್ಯೆ. ಹಲವು ಲಿನಕ್ಸ್‌ಗಳಲ್ಲಿ ಮೊದಲ ಬಳಕೆದಾರನಿಗೆ 1000. ನಿಮ್ಮ ಡಿಸ್ಕನ್ನು ನನ್ನ ಕಂಪ್ಯೂಟರಿಗೆ ಚುಚ್ಚಿದರೆ ನಿಮ್ಮ 1000 ನನ್ನ 1000 ಆಗಿ, ನಿಮ್ಮ ಫೈಲುಗಳಿಗೆಲ್ಲ ನಾನೇ ಒಡೆಯ.

ಕೋರ್ಟಿಗೆ ಹೋದಾಗ

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಫೈಲಿನ ‘ಹ್ಯಾಶ್’ ಮೌಲ್ಯ ನಮೂದಿಸಬೇಕು. ಫೈಲಿನ ಒಡಲಿನಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚು ಅದು. ಒಂದು ಬಿಟ್ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ. ಆದರೆ ಒಂದು ಸೂಕ್ಷ್ಮ ಗಮನಿಸಿ: ಫೈಲಿನ ಹೆಸರು ಬದಲಿಸಿ, ದಿನಾಂಕ ತಿದ್ದಿ, ಹ್ಯಾಶ್ ಅದೇ ಇರುತ್ತದೆ. ಒಡಲು ತಿದ್ದಿಲ್ಲ ಎನ್ನುವುದಕ್ಕೆ ಅದು ಸಾಕ್ಷಿ, ಯಾವತ್ತಿನದು ಎನ್ನುವುದಕ್ಕಲ್ಲ. ಬದಲಾದ ದಿನವನ್ನು ಬೇಕಾದಂತೆ ತಿದ್ದಲು ಲಿನಕ್ಸ್, ಮ್ಯಾಕ್‌ಗಳಲ್ಲಿ ‘ಟಚ್’ ಎಂಬ ಒಂದು ಸಾಲಿನ ಆಜ್ಞೆ ಸಾಕು.

ಹಾಗಾಗಿಯೇ ತನಿಖೆಯವರು ಫೈಲನ್ನು ಎಳೆದು ಹಾಕಿಕೊಳ್ಳುವ ಬದಲು ಇಡೀ ಡಿಸ್ಕಿನ ಪಡಿಯಚ್ಚು ತೆಗೆಯುತ್ತಾರೆ, ಪಟ್ಟಿಯೂ ಸಮೇತ. ಅದಕ್ಕೂ ಮೊದಲು ಡಿಸ್ಕಿಗೆ ಏನೂ ಬರೆಯಲಾಗದಂಥ ಸಾಧನವೊಂದನ್ನು ನಡುವೆ ಜೋಡಿಸುತ್ತಾರೆ. ಏಕೆಂದರೆ ಪೆನ್‌ಡ್ರೈವನ್ನು ಸುಮ್ಮನೆ ಚುಚ್ಚಿದರೂ ವಿಂಡೋಸ್, ಮ್ಯಾಕ್ ಎರಡೂ ತಮ್ಮ ಗುಪ್ತ ಫೋಲ್ಡರುಗಳನ್ನು ಅದರಲ್ಲಿ ಬರೆದುಬಿಡಬಹುದು. ಆಸ್ತಿ ವ್ಯಾಜ್ಯಕ್ಕೋ ಬಾಡಿಗೆ ತಕರಾರಿಗೋ ಆಡಿಯೊ, ಫೋಟೊ ಸಾಕ್ಷಿ ಇಟ್ಟುಕೊಂಡವರು ಅದನ್ನು ಹತ್ತು ಕಡೆ ಕಾಪಿ ಮಾಡಿ ಕೊನೆಗೆ ಮೂಲ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡುವುದು ತಪ್ಪು. ಫೋನೇ ಪಟ್ಟಿಯ ಮೂಲ ಪುಸ್ತಕ.

ಸಾಗಿಸುವುದು ಹೇಗೆ

ಮನೆಮಂದಿಗೆ ಮುಖ್ಯವಾದದ್ದು ಫೋಟೊ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಒಳಗಿನ ಎಕ್ಸಿಫ್ ಕೂಡ ಅಳಿಸಿಹೋಗುತ್ತದೆ, ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಉಳಿಯುತ್ತದೆ. ಕುಟುಂಬದ ಹಳೆಯ ಸ್ಕ್ಯಾನ್‌ಗಳಿಗೆ ಎಕ್ಸಿಫ್‌ನಲ್ಲಿ ಸಿಗುವುದು ಹೆಚ್ಚೆಂದರೆ ಸ್ಕ್ಯಾನ್ ಮಾಡಿದ ದಿನ. ಅಂಥವಕ್ಕೆ ವರ್ಷ-ತಿಂಗಳು-ದಿನ ಈ ಕ್ರಮದಲ್ಲಿ ಅಂಕಿಯನ್ನು ಹೆಸರಿನಲ್ಲೇ ಹಾಕುವುದು ಒಳ್ಳೆಯದು, ಹೆಸರಿನ ಕಾಲಮ್ ಇಲ್ಲದ ಫೈಲ್ ಸಿಸ್ಟಮ್ ಯಾವುದೂ ಇಲ್ಲ. ಪ್ರಶ್ನಾರ್ಥಕ, ನಕ್ಷತ್ರ, ವಿವರಣಾ ಚಿಹ್ನೆಗಳನ್ನು ಹೆಸರಿನಲ್ಲಿ ಬಳಸಬೇಡಿ, ವಿಂಡೋಸ್ ಒಪ್ಪುವುದಿಲ್ಲ.

ಇಡೀ ಡಿಸ್ಕನ್ನು ಸಾಗಿಸುವಾಗ ಮೌಸಿನಿಂದ ಎಳೆಯುವುದಕ್ಕಿಂತ ವಿಂಡೋಸ್‌ನ ‘ರೋಬೊಕಾಪಿ’, ಲಿನಕ್ಸ್ ಮತ್ತು ಮ್ಯಾಕ್‌ನ ‘ಆರ್‌ಸಿಂಕ್’ ವಾಸಿ. ದಿನಾಂಕ ಉಳಿಸು ಎಂದು ಅವಕ್ಕೆ ಬಿಡಿಸಿ ಹೇಳಬಹುದು, ಆರ್‌ಸಿಂಕ್‌ಗಂತೂ ಹೇಳಲೇಬೇಕು. ಲಿನಕ್ಸ್‌ನ ಹಕ್ಕುಪಟ್ಟಿ ಬೇಕಿದ್ದರೆ ಎಲ್ಲವನ್ನೂ ‘ಟಾರ್’ ಗಂಟು ಕಟ್ಟಿ ಪೆನ್‌ಡ್ರೈವಿಗೆ ಹಾಕಿ. ಒಡೆಯ, ಹಕ್ಕು, ಸಮಯ ಎಲ್ಲ ಗಂಟಿನೊಳಗೇ ಇರುತ್ತದೆ, ಪೆನ್‌ಡ್ರೈವಿಗೆ ಅರ್ಥವಾಗಬೇಕಿಲ್ಲ. ಗಂಟು 4 ಜಿಬಿ ಮುಟ್ಟಿದರೆ ಫ್ಯಾಟ್32 ಒಪ್ಪದು, ಎಕ್ಸ್‌ಫ್ಯಾಟ್ ಇರಲಿ. ಸಾಗಿಸಿದ ಮೇಲೆ ಹಳೆಯ ಡಿಸ್ಕನ್ನು ಒರೆಸುವ ಮುನ್ನ ಉದ್ದ ಕನ್ನಡ ಹೆಸರಿನ ಒಂದು ಫೈಲು, ಹತ್ತು ವರ್ಷ ಹಳೆಯದೊಂದು, ಮ್ಯಾಕ್‌ನಿಂದ ಬಂದದ್ದೊಂದು ಆರಿಸಿ ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಹೋಲಿಸಿ. ಸೃಷ್ಟಿಯ ದಿನ ಬೇರೆಯಿದ್ದರೆ ಗಾಬರಿ ಬೇಡ, ಬದಲಾದ ದಿನವೂ ಇವತ್ತಿನದೇ ಆಗಿದ್ದರೆ ಮಾತ್ರ ಸಾಗಣೆಯನ್ನು ಮತ್ತೆ ಮೊದಲಿನಿಂದ ಮಾಡಿ.